ವೀರ್ಯಾಣು ಸಂಖ್ಯೆ ಕಡಿಮೆ ಇದ್ದಾಗ ಕಾರಣ ಹುಡುಕುವ ಬಗೆ: ಕರಾವಳಿಯ ಒಂದು ಪ್ರಕರಣ

ಇಲ್ಲಿ ಬರುವ ದಂಪತಿಯ ಊರು, ವಯಸ್ಸು, ಉದ್ಯೋಗದ ಜಾಗ ಮೊದಲಾದ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ. ತಪಾಸಣೆ ನಡೆದ ಕ್ರಮ ಮತ್ತು ಪ್ರತಿ ಹಂತದಲ್ಲಿ ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ನಡೆದಂತೆಯೇ ಇಡಲಾಗಿದೆ. ಮಕ್ಕಳಾಗದೆ ಬರುವ ದಂಪತಿಗಳನ್ನು ಮೊದಲು ನೋಡುವ ತಾಲೂಕು ಮಟ್ಟದ ವೈದ್ಯರಿಗೆ ಮತ್ತು ವರದಿ ಕೈಯಲ್ಲಿ ಹಿಡಿದು ದಿಕ್ಕು ತೋಚದೆ ಕುಳಿತ ಗಂಡಸರಿಗೆ ಉಪಯೋಗವಾಗಲಿ ಎಂಬ ಆಸೆಯಿಂದ, ದಂಪತಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಗಂಡನಿಗೆ 34 ವರ್ಷ, ಹೆಂಡತಿಗೆ 29. ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು. ಗಂಡ ಮಂಗಳೂರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಬೆಳಗಿನ ಹೊತ್ತು ದೋಸೆ ಕಾವಲಿಯ ಮುಂದೆ, ಸಂಜೆ ಬಜ್ಜಿ, ಗೋಳಿಬಜೆಯ ಎಣ್ಣೆ ಬಾಣಲೆಯ ಮುಂದೆ ನಿಲ್ಲುವ ಕೆಲಸ. ವಾಸ ಹೋಟೆಲಿನವರೇ ಕೊಟ್ಟ ಕೋಣೆಯಲ್ಲಿ. ಹೆಂಡತಿ ಉಡುಪಿ ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ಅತ್ತೆಯೊಂದಿಗೆ ಇದ್ದುಕೊಂಡು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ವಾರದ ರಜೆ ಸಿಕ್ಕಾಗ, ಕೆಲವೊಮ್ಮೆ ಹದಿನೈದು ದಿನಕ್ಕೊಮ್ಮೆ, ಗಂಡ ಊರಿಗೆ ಬರುವುದು ವಾಡಿಕೆ.

ಮೊದಲ ಎರಡು ವರ್ಷಗಳ ತಪಾಸಣೆಯೆಲ್ಲ ಹೆಂಡತಿಯದೇ. ಥೈರಾಯ್ಡ್ ಪರೀಕ್ಷೆ, ಅಂಡಾಶಯದ ಸ್ಕ್ಯಾನ್, ಬಣ್ಣದ ದ್ರವ ಹಾಯಿಸಿ ಗರ್ಭನಾಳಗಳ ಎಕ್ಸ್‌ರೇ ಎಲ್ಲವೂ ಆದವು, ಎಲ್ಲವೂ ಸರಿಯಿದ್ದವು. ಮುಟ್ಟು ತಿಂಗಳು ತಪ್ಪದೆ ಬರುತ್ತಿದ್ದರೂ ಅಂಡ ಬಿಡುಗಡೆಯ ಮಾತ್ರೆಗಳನ್ನು ಹಲವು ತಿಂಗಳು ಕೊಡಲಾಗಿತ್ತು. ಜಾತಕದಲ್ಲಿ ನಾಗದೋಷ ಕಂಡಿದೆ ಎಂದಾಗ ಅತ್ತೆ ಇಬ್ಬರನ್ನೂ ಕುಕ್ಕೆಗೆ ಕರೆದೊಯ್ದು ಆಶ್ಲೇಷಾ ಬಲಿ ಮಾಡಿಸಿದ್ದರು. ಆ ಸೇವೆಯ ಬಗ್ಗೆ ನನಗೆ ಆಕ್ಷೇಪವಿಲ್ಲ. ಹರಕೆ ಹೊತ್ತ ಮನೆಯವರು ಚಿಕಿತ್ಸೆಯನ್ನೂ ಅಷ್ಟೇ ಶ್ರದ್ಧೆಯಿಂದ ಮುಂದುವರಿಸುವುದನ್ನು ನೋಡಿದ್ದೇನೆ. ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣ ಒಂಟಿಯಾಗಿಯೋ ಹೆಣ್ಣಿನ ಕಡೆಯ ಕಾರಣದ ಜೊತೆ ಸೇರಿಯೋ ಇರುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವಾಗ, ನೋವಿಲ್ಲದ, ಸೂಜಿಯಿಲ್ಲದ, ಕಡಿಮೆ ಖರ್ಚಿನ ವೀರ್ಯ ಪರೀಕ್ಷೆಯನ್ನು ಎರಡು ವರ್ಷಗಳ ಕಾಲ ಯಾರೂ ಬರೆದುಕೊಡಲಿಲ್ಲ. ಆ ಅವಧಿಯಲ್ಲಿ ನೆರೆಹೊರೆಯವರ, ನೆಂಟರ ಮಾತುಗಳನ್ನೆಲ್ಲ ಕೇಳಿಸಿಕೊಂಡವರು ಹೆಂಡತಿ ಒಬ್ಬರೇ.

ಮೊದಲ ವರದಿ

ಕೊನೆಗೂ ಪರೀಕ್ಷೆಯಾದದ್ದು ಒಂದು ಆಗಸ್ಟ್ ತಿಂಗಳಲ್ಲಿ. ಮಾದರಿಯನ್ನು ಮನೆಯಲ್ಲೇ ಸಂಗ್ರಹಿಸಿ, ಡಬ್ಬಿಯನ್ನು ಚೀಲದಲ್ಲಿಟ್ಟು, ಮಳೆಯಲ್ಲಿ ಬಸ್ಸು ಹಿಡಿದು ಲ್ಯಾಬ್ ತಲುಪುವಾಗ ಒಂದೂವರೆ ಗಂಟೆಯ ಮೇಲಾಗಿತ್ತು. ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 3.8 ಮಿಲಿಯನ್, ಚಲನೆ ಹೆಚ್ಚುಕಡಿಮೆ ಇಲ್ಲವೆಂಬಷ್ಟು.

ಈ ಅಂಕಿಯನ್ನು ಹೇಗೆ ಓದಬೇಕು? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಕೈಪಿಡಿಯ ಆರನೆಯ ಆವೃತ್ತಿಯ ಪ್ರಕಾರ ಕೆಳಗಿನ ಮಿತಿ ಮಿಲಿಲೀಟರಿಗೆ 16 ಮಿಲಿಯನ್, ಅಂದರೆ 1 ಕೋಟಿ 60 ಲಕ್ಷ. ಒಂದು ಸ್ಖಲನದಲ್ಲಿ ಒಟ್ಟು 39 ಮಿಲಿಯನ್. ಮುಂದಕ್ಕೆ ಈಜುವ ವೀರ್ಯಾಣುಗಳು ಶೇ. 30. ಹೆಂಡತಿ ಒಂದು ವರ್ಷದೊಳಗೆ ಗರ್ಭಿಣಿಯಾದ ಗಂಡಸರ ವೀರ್ಯವನ್ನು ಅಳೆದು, ಅವರಲ್ಲಿ ಅತಿ ಕಡಿಮೆಯಿದ್ದ ಶೇ. 5ರಷ್ಟು ಮಂದಿ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಎಳೆದ ಗೆರೆ ಇದು. ಆದ್ದರಿಂದ ಗೆರೆಯ ಕೆಳಗಿದ್ದವರಿಗೆ ಮಕ್ಕಳೇ ಆಗುವುದಿಲ್ಲ ಎಂದಾಗಲಿ, ಮೇಲಿದ್ದವರಿಗೆಲ್ಲ ಆಗಿಯೇ ಆಗುತ್ತದೆ ಎಂದಾಗಲಿ ಅರ್ಥವಲ್ಲ.

ಈ ಮಾದರಿಯಲ್ಲಿ ಎರಡು ತೊಡಕುಗಳಿದ್ದವು. ಮಾದರಿ ಒಂದು ಗಂಟೆಯೊಳಗೆ, ಮೈಶಾಖಕ್ಕೆ ಹತ್ತಿರದ ಬಿಸುಪಿನಲ್ಲಿ ಲ್ಯಾಬ್ ತಲುಪಬೇಕು; ತಡವಾದರೆ ಮತ್ತು ತಣ್ಣಗಾದರೆ ಎಣಿಕೆ ಹೆಚ್ಚು ಬದಲಾಗದಿದ್ದರೂ ಚಲನೆ ಕುಸಿದು ಕಾಣುತ್ತದೆ. ಎರಡನೆಯದು ಜ್ವರ. ಜುಲೈ ಮೊದಲ ವಾರದಲ್ಲಿ ಅವರಿಗೆ ಮಲೇರಿಯಾ ಆಗಿತ್ತು. ಮಳೆಗಾಲದ ಮಂಗಳೂರಿಗೆ ಇದು ಹೊಸದೇನಲ್ಲ. ವೃಷಣಗಳು ಕೆಲಸ ಮಾಡಲು ದೇಹದ ಉಷ್ಣಾಂಶಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಬೇಕು. ಮಲೇರಿಯಾ, ಡೆಂಗಿ, ಇಲಿಜ್ವರ, ಯಾವುದೇ ಇರಲಿ, ಮೈ ಸುಡುವ ಜ್ವರ ಬಂದುಹೋದ ಮೇಲೆ ಎರಡು ಮೂರು ತಿಂಗಳು ಸಂಖ್ಯೆ ಇಳಿದಿರಬಹುದು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಆಮೇಲೆ ನಾಳದಲ್ಲಿ ಪಕ್ವವಾಗಿ ಹೊರಬರಲು ಇನ್ನೂ ಕೆಲವು ದಿನ ಬೇಕಾಗುವುದರಿಂದ, ಇಂದಿನ ವರದಿಯಲ್ಲಿ ಕಾಣುವುದು ಸುಮಾರು ಮೂರು ತಿಂಗಳ ಹಿಂದೆ ಶುರುವಾದ ಕೆಲಸದ ಫಲ.

ಇದನ್ನು ಯಾರೂ ವಿವರಿಸಿ ಹೇಳದೆ, ವರದಿ ನೋಡಿದ ಕೂಡಲೇ ಜೀವಸತ್ವ, ಸತು, ಕೋಎನ್‌ಜೈಮ್ ಸೇರಿದ ದುಬಾರಿ ಮಾತ್ರೆಗಳನ್ನು ಬರೆದುಕೊಡಲಾಯಿತು. ಇಂಥ ಮಾತ್ರೆಗಳ ಮೇಲೆ ಬಡ ಕುಟುಂಬಗಳು ಸುರಿಯುವ ಹಣ ನೋಡಿದರೆ ಸಂಕಟವಾಗುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 2,300ಕ್ಕೂ ಹೆಚ್ಚು ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಫೋಲಿಕ್ ಆಮ್ಲ ಮತ್ತು ಸತುವನ್ನು, ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನು ಕೊಟ್ಟು ನೋಡಿದಾಗ ವೀರ್ಯದ ಗುಣಮಟ್ಟದಲ್ಲಾಗಲಿ, ಹುಟ್ಟಿದ ಮಕ್ಕಳ ಸಂಖ್ಯೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಇವರೂ ಮಾತ್ರೆಗಳನ್ನು ಒಂದು ದಿನವೂ ಬಿಡದೆ ನುಂಗಿದರು. ಬೀಡಿ ಬಿಟ್ಟರು, ಬಿಗಿ ಒಳಉಡುಪು ಬಿಟ್ಟು ಕೆಲಸದ ಹೊತ್ತಿನಲ್ಲೂ ಸಡಿಲ ಮುಂಡು ಉಟ್ಟರು.

ಡಿಸೆಂಬರಿನಲ್ಲಿ, ನಾಲ್ಕು ದಿನ ಸಂಯಮದಲ್ಲಿದ್ದು (ಮಾದರಿ ಕೊಡುವ ಮೊದಲು ಎರಡರಿಂದ ಏಳು ದಿನ ಸ್ಖಲನವಾಗಿರಬಾರದೆಂಬುದು ನಿಯಮ), ಲ್ಯಾಬಿನಲ್ಲೇ ಮಾದರಿ ಕೊಟ್ಟಾಗ ಸಂಖ್ಯೆ 6.2 ಮಿಲಿಯನ್, ಮುಂದಕ್ಕೆ ಈಜುವವು ಶೇ. 18 ಎಂದು ಬಂತು. ಜ್ವರದ ಪಾಲು ಕಳೆದರೂ ಮೂಲ ಸಮಸ್ಯೆ ಉಳಿದೇ ಇತ್ತು.

ಶಸ್ತ್ರಚಿಕಿತ್ಸೆಯ ಸಲಹೆ

ಮುಂದೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಯಿತು. ಎಡ ವೃಷಣಚೀಲದಲ್ಲಿ ಸಣ್ಣ ಪ್ರಮಾಣದ ವ್ಯಾರಿಕೋಸೀಲ್, ಅಂದರೆ ರಕ್ತನಾಳಗಳ ಉಬ್ಬು, ಇದೆಯೆಂದು ವರದಿ ಬಂತು. ಆಪರೇಷನ್ ಮಾಡಿಸಿಕೊಳ್ಳುವ ಸಲಹೆಯೂ ಸಿಕ್ಕಿತು. ಹೋಟೆಲಿನ ಮಾಲಕರು ಮುಂಗಡ ಕೊಡಲು ಒಪ್ಪಿದ್ದರು. ಈ ಹಂತದಲ್ಲಿ ಎರಡನೆಯ ಅಭಿಪ್ರಾಯ ಕೇಳಲು ದಂಪತಿ ನಮ್ಮಲ್ಲಿಗೆ ಬಂದರು.

ವ್ಯಾರಿಕೋಸೀಲ್ ಗಂಡಸರಲ್ಲಿ ವೀರ್ಯಾಣು ಸಂಖ್ಯೆ ಕುಸಿಯಲು ಅತಿ ಸಾಮಾನ್ಯವಾಗಿ ಸಿಗುವ, ಸರಿಪಡಿಸಬಹುದಾದ ಕಾರಣ ಎಂಬುದು ನಿಜ. ಎಡ ವೃಷಣದ ರಕ್ತನಾಳ ಎಡ ಮೂತ್ರಪಿಂಡದ ರಕ್ತನಾಳಕ್ಕೆ ಲಂಬ ಕೋನದಲ್ಲಿ ಸೇರುವುದರಿಂದ ಅಲ್ಲಿ ರಕ್ತ ಹಿಂದಕ್ಕೆ ನಿಲ್ಲುವುದು ಸುಲಭ. ಹಾಗಾಗಿ ಉಬ್ಬು ಹೆಚ್ಚಾಗಿ ಎಡಕ್ಕೇ ಕಾಣುತ್ತದೆ. ಆದರೆ ಎಲ್ಲ ಗಂಡಸರಲ್ಲೂ ಸುಮಾರು ಶೇ. 15 ಮಂದಿಗೆ ಇದು ಇರುತ್ತದೆ, ಅವರಲ್ಲಿ ಬಹಳ ಮಂದಿ ಮಕ್ಕಳೊಂದಿಗರೇ. ರೋಗಿಯನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿ, ಕೈಯಿಂದ ಮುಟ್ಟಿ ನೋಡಿದಾಗ ಸಿಗುವ ಉಬ್ಬಿಗೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವುಂಟು. ಕೈಗೆ ಸಿಗದೆ ಸ್ಕ್ಯಾನಿನಲ್ಲಿ ಮಾತ್ರ ಕಾಣುವುದಕ್ಕೆ ಆಪರೇಷನ್ ಬೇಡ ಎನ್ನುವುದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳ ನಿಲುವು. ಇವರನ್ನು ಪರೀಕ್ಷಿಸಿದಾಗ ಕೈಗೆ ಏನೂ ಸಿಗಲಿಲ್ಲ. ಅಷ್ಟು ಹೊತ್ತಿಗೆ ಅವರ ಫೈಲಿನಲ್ಲಿ ಮೂರು ಕಡೆಯ ಚೀಟಿಗಳಿದ್ದವು. ಒಂದರಲ್ಲೂ ದೈಹಿಕ ಪರೀಕ್ಷೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಪರೀಕ್ಷೆಯಿಂದ ಬೇರೆ ವಿಷಯಗಳೂ ಗೊತ್ತಾದವು. ಎರಡೂ ವೃಷಣಗಳು ಚೀಲದೊಳಗೇ ಇದ್ದವು, ಗಾತ್ರ ಸುಮಾರು 18 ಮಿಲಿಲೀಟರ್, ಅಂದರೆ ಸಹಜ. ವೀರ್ಯನಾಳಗಳು ಎರಡೂ ಬೆರಳಿಗೆ ಸಿಗುತ್ತಿದ್ದವು. ಬಾಲ್ಯದಲ್ಲಿ ವೃಷಣ ಇಳಿಯದೆ ಇದ್ದ ಇತಿಹಾಸವಿಲ್ಲ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದಿಲ್ಲ. ಹರ್ನಿಯಾ ಆಪರೇಷನ್, ಕ್ಷಯ, ಸಕ್ಕರೆ ಕಾಯಿಲೆ ಯಾವುದೂ ಇಲ್ಲ. ಜಿಮ್‌ಗೆ ಹೋದವರಲ್ಲ, ಇದನ್ನು ಪ್ರತಿಯೊಬ್ಬ ಯುವಕನಲ್ಲೂ ಕೇಳಲೇಬೇಕು, ಏಕೆಂದರೆ ಮೈ ಕಟ್ಟಲೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಮತ್ತು ಅನಬಾಲಿಕ್ ಸ್ಟೀರಾಯ್ಡ್‌ಗಳು ಮಿದುಳಿನಿಂದ ವೃಷಣಕ್ಕೆ ಬರುವ ಸಂಕೇತವನ್ನೇ ನಿಲ್ಲಿಸಿ ಸಂಖ್ಯೆಯನ್ನು ಸೊನ್ನೆಗೂ ಇಳಿಸಬಲ್ಲವು, ಮತ್ತು ನಿಲ್ಲಿಸಿದ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದ ಮೇಲೆ, ಬೇಕಾಗುತ್ತದೆ. ರಕ್ತದಲ್ಲಿ ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಸಲು ವೃಷಣಕ್ಕೆ ಸೂಚನೆ ಕೊಡುವ ಹಾರ್ಮೋನು), ಟೆಸ್ಟೋಸ್ಟೆರಾನ್ ಎರಡೂ ಸಹಜ ಮಿತಿಯಲ್ಲಿದ್ದವು. ವೃಷಣವೇ ಹಾಳಾಗಿದ್ದರೆ ಎಫ್‌ಎಸ್‌ಎಚ್ ಸಾಮಾನ್ಯವಾಗಿ ಏರಿರುತ್ತದೆ, ವೃಷಣ ಕುಗ್ಗಿರುತ್ತದೆ. ವರ್ಣತಂತು ಮತ್ತು ಗಂಡಸರಲ್ಲಿರುವ ವೈ ವರ್ಣತಂತುವಿನ ಸೂಕ್ಷ್ಮ ಕೊರತೆಯ (ಅದರ ಸಣ್ಣ ತುಣುಕು ಇಲ್ಲದಿರುವುದರ) ಪರೀಕ್ಷೆಗಳನ್ನು ಸಾಮಾನ್ಯವಾಗಿ 5 ಮಿಲಿಯನ್‌ಗಿಂತ ಕೆಳಗಿನವರಿಗೆ ಬರೆಯುವ ರೂಢಿಯಿದೆ. ಜ್ವರದ ನೆರಳಿದ್ದ ಮೊದಲ ಅಂಕಿಯನ್ನು ಬದಿಗಿಟ್ಟು, ಆ ಖರ್ಚನ್ನು ಸದ್ಯಕ್ಕೆ ಮುಂದೂಡಿದೆವು.

ಉಳಿದದ್ದು ಕಾವಲಿಯ ಬಿಸಿ. ಮನೆಯವರಿಗೂ, ಹಿಂದೆ ನೋಡಿದ ವೈದ್ಯರಿಗೂ ಇದರ ಮೇಲೆಯೇ ಅನುಮಾನ. ಊರಿನಲ್ಲಿ ಬೇರೆ ಕೆಲಸ ನೋಡಿಕೊಳ್ಳುವಂತೆ ತಾಯಿ ಒತ್ತಾಯಿಸುತ್ತಿದ್ದರು; ಗಂಡನಿಗೂ ಕೆಲಸ ಬಿಡುವ ಯೋಚನೆ ಬಂದಿತ್ತು. ಬೆಂಕಿಯ ಎದುರಿನ ಕೆಲಸ ವೀರ್ಯಾಣುಗಳಿಗೆ ಒಳ್ಳೆಯದಲ್ಲ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಅದೊಂದರಿಂದಲೇ ಸಂಖ್ಯೆ ಈ ಮಟ್ಟಕ್ಕೆ ಇಳಿಯಿತೆಂದು ಒಪ್ಪಿಕೊಂಡು ಒಬ್ಬರ ಅನ್ನದ ದಾರಿ ತಪ್ಪಿಸಲು ನಮ್ಮ ಮನಸ್ಸು ಒಪ್ಪಲಿಲ್ಲ.

ಮೂತ್ರದ ಬಣ್ಣ

ತಿರುವು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ವೀರ್ಯದ ವರದಿಯಲ್ಲಿ ಕೀವುಕಣಗಳು ಸ್ವಲ್ಪ ಹೆಚ್ಚಿದ್ದುದರಿಂದ ಸೋಂಕು ಇದೆಯೇ ನೋಡಲು ಮೂತ್ರ ಪರೀಕ್ಷೆ ಬರೆದಿದ್ದೆವು. ಡಬ್ಬಿಯಲ್ಲಿದ್ದ ಮೂತ್ರ ಕಿತ್ತಳೆ ಮಿಶ್ರಿತ ಹಳದಿಯಾಗಿತ್ತು. ಬೆಂಕಿಯ ಮುಂದೆ ಬೆವರುವವರಿಗೆ ನೀರು ಸಾಲದೆ ಮೂತ್ರ ಗಾಢವಾಗುವುದುಂಟು. ಆದರೆ ಡಬ್ಬಿಯನ್ನು ಬೆಳಕಿಗೆ ಹಿಡಿದರೆ ಇದು ನೀರು ಕಡಿಮೆಯಾದ ಕಂದುಹಳದಿಯಂತೆ ಇರಲಿಲ್ಲ, ಬಣ್ಣ ಕಲಸಿದಂತಿತ್ತು. ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ನಮ್ಮ ಸಿಸ್ಟರ್ ಕೇಳಿದರು.

"ಇಲ್ಲ ಸಿಸ್ಟರ್. ಅದು ಹೊಟ್ಟೆಯ ಮಾತ್ರೆಗೆ ಹಾಗೆ ಆಗುವುದು. ಮೊದಲಿಂದಲೂ ಹಾಗೇ ಉಂಟು, ಬನಿಯನಿಗೂ ಬಣ್ಣ ಹಿಡಿಯುತ್ತದೆ," ಎಂದರು ಅವರು.

ಆ ಮಾತು ಬಂದದ್ದು ಹೆಂಡತಿ ಹೊರಗೆ ಕುಳಿತಿದ್ದಾಗ. ಬೇರೆ ಏನಾದರೂ ಕಾಯಿಲೆ ಉಂಟೇ, ಮಾತ್ರೆ ಉಂಟೇ ಎಂಬ ಪ್ರಶ್ನೆಯನ್ನು ಹಿಂದೆ ಎಲ್ಲ ಕಡೆ ಹೆಂಡತಿಯ ಎದುರಿಗೇ ಕೇಳಲಾಗಿತ್ತು, ಎಲ್ಲ ಕಡೆಯೂ ಅವರು ಇಲ್ಲವೆಂದೇ ಹೇಳಿದ್ದರು. ಒಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ವಿಷಯ ಬಿಚ್ಚಿಕೊಂಡಿತು. ಆರು ವರ್ಷಗಳ ಹಿಂದೆ, ಮುಂಬಯಿಯ ಹೋಟೆಲಿನಲ್ಲಿದ್ದಾಗ, ರಕ್ತಭೇದಿಯಾಗಿ ಪರೀಕ್ಷಿಸಿದಾಗ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಹುಣ್ಣಿನ ಕಾಯಿಲೆ, ಎಂದು ತಿಳಿದಿತ್ತು. ಅಲ್ಲಿ ಬರೆದುಕೊಟ್ಟ ಸಲ್ಫಾಸಲಜೀನ್ ಮಾತ್ರೆಯಿಂದ ಹಿಡಿತಕ್ಕೆ ಬಂದಿತ್ತು. ಮದುವೆಯ ಮಾತುಕತೆ ನಡೆಯುವಾಗ ಹಿರಿಯರು ಈ ಕಾಯಿಲೆಯ ಸುದ್ದಿ ಎತ್ತಬೇಡವೆಂದಿದ್ದರು. ಅಂದಿನಿಂದ ಹಳೆಯ ಚೀಟಿ ತೋರಿಸಿಯೇ ಮೆಡಿಕಲ್‌ನಿಂದ ಮಾತ್ರೆ ತರುತ್ತಾ, ದಿನಕ್ಕೆ 3 ಗ್ರಾಮಿನಂತೆ ತಪ್ಪದೆ ನುಂಗುತ್ತಿದ್ದರು. ಹೆಂಡತಿ ಆ ಮಾತ್ರೆಗಳನ್ನು ನೋಡಿದ್ದರು. ಗ್ಯಾಸಿನ ಮಾತ್ರೆ ಎಂದು ತಿಳಿದಿದ್ದರು.

ಸಲ್ಫಾಸಲಜೀನ್ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆಯನ್ನೂ ಚಲನೆಯನ್ನೂ ಇಳಿಸಿ, ಅವುಗಳ ತಲೆಯ ಆಕಾರವನ್ನೂ ಕೆಡಿಸಬಲ್ಲದು ಎಂಬುದು 1979ರಿಂದಲೇ ವೈದ್ಯಕೀಯ ಸಾಹಿತ್ಯದಲ್ಲಿದೆ. ಕರುಳಿನಲ್ಲಿ ಈ ಔಷಧ ಎರಡಾಗಿ ಒಡೆಯುತ್ತದೆ: ಕರುಳಿನ ಉರಿ ಶಮನ ಮಾಡುವ ಮೆಸಾಲಮೀನ್ ಒಂದು, ರಕ್ತಕ್ಕೆ ಸೇರುವ ಸಲ್ಫಾಪಿರಿಡೀನ್ ಇನ್ನೊಂದು. ವೀರ್ಯಾಣುಗಳಿಗೆ ತೊಂದರೆ ಮಾಡುವುದು ಈ ಎರಡನೆಯ ಭಾಗ. ಹಾಗಾಗಿ ಮೆಸಾಲಮೀನ್ ಅನ್ನು ಮಾತ್ರ ಕೊಟ್ಟರೆ ಕರುಳಿನ ಚಿಕಿತ್ಸೆಯೂ ನಡೆಯುತ್ತದೆ, ವೀರ್ಯಾಣುಗಳೂ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಚೇತರಿಸುತ್ತವೆ. ಹಾನಿ ಶಾಶ್ವತವಲ್ಲ ಎನ್ನುವುದೇ ಇಲ್ಲಿಯ ದೊಡ್ಡ ಸಮಾಧಾನ.

ಬದಲಾವಣೆಯ ತಿಂಗಳುಗಳು

ಇದನ್ನು ತಿಳಿದ ಕೂಡಲೇ "ಹಾಗಾದರೆ ನಾಳೆಯಿಂದಲೇ ಬಿಡುತ್ತೇನೆ ಮೇಡಂ" ಎಂದರು. ಬಿಡಕೂಡದೆಂದು ಗಟ್ಟಿಯಾಗಿಯೇ ಹೇಳಬೇಕಾಯಿತು. ಮಾತ್ರೆ ದಿಢೀರನೆ ನಿಂತು ಕಾಯಿಲೆ ಕೆರಳಿದರೆ ರಕ್ತಸ್ರಾವ, ಜ್ವರ, ತೂಕ ಇಳಿಕೆ ಎಲ್ಲ ಸೇರಿ ವೀರ್ಯಾಣುಗಳಿಗೂ ಏಟು, ಮನುಷ್ಯನಿಗೂ ಅಪಾಯ. ಕರುಳಿನ ತಜ್ಞರಲ್ಲಿಗೆ ಕಳುಹಿಸಿದೆವು. ಕೊಲೊನೋಸ್ಕೊಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆ) ಮಾಡಿ, ಕಾಯಿಲೆ ಶಾಂತವಾಗಿದೆಯೆಂದು ಖಚಿತಪಡಿಸಿಕೊಂಡು, ಅವರು ಮೆಸಾಲಮೀನ್‌ಗೆ ಬದಲಿಸಿದರು.

ಹೆಂಡತಿಗೆ ಹೇಳುವುದು ಇದಕ್ಕಿಂತ ಕಷ್ಟದ ಹೆಜ್ಜೆ. ರೋಗಿಯ ಗುಟ್ಟು ರೋಗಿಯದು. ಅವರ ಒಪ್ಪಿಗೆಯಿಲ್ಲದೆ ನಾವು ಬಾಯಿ ಬಿಡುವ ಹಾಗಿರಲಿಲ್ಲ. ಆದರೆ ಆಪರೇಷನ್ ಏಕೆ ಬೇಡ, ಮೂರು ತಿಂಗಳು ಏಕೆ ಕಾಯಬೇಕು ಎಂದು ಎರಡು ವರ್ಷ ಸೂಜಿ ಚುಚ್ಚಿಸಿಕೊಂಡ ಹೆಣ್ಣಿಗೆ ತಿಳಿಯದೆ ಹೋದರೆ ಅನ್ಯಾಯವೆಂದು ಅವರಿಗೆ ವಿವರಿಸಿದೆವು. ಒಂದು ವಾರದ ನಂತರ ನಮ್ಮ ಎದುರಿನಲ್ಲೇ ಅವರು ಹೇಳಿದರು. ಹೆಂಡತಿ ತುಂಬಾ ಹೊತ್ತು ಸುಮ್ಮನಿದ್ದು, "ಕಾಯಿಲೆ ಉಂಟು ಅಂತ ಹೇಳಿದ್ದರೆ ನಾನು ಮದುವೆ ಬೇಡ ಅಂತಿದ್ದೆನಾ? ನಿಮ್ಮ ಅಮ್ಮನ ಎದುರು ನಾನೊಬ್ಬಳೇ ನಿಲ್ಲಬೇಕಾಯಿತಲ್ಲ," ಎಂದರು. ಆ ಮಾತಿಗೆ ಅವರ ಬಳಿ ಉತ್ತರವಿರಲಿಲ್ಲ. ಮುಂದಿನ ಭೇಟಿಗೆ ತಾಯಿಯನ್ನೂ ಕರೆತಂದು, ವಿಷಯವನ್ನು ತಾಯಿಗೆ ತಾವೇ ತಿಳಿಸಿದರು.

ಔಷಧ ಬದಲಾದ ಮೂರನೆಯ ವಾರ ಭೇದಿ, ಸ್ವಲ್ಪ ರಕ್ತ ಕಾಣಿಸಿತು. ಹಳೆಯ ಮಾತ್ರೆಗೇ ಹಿಂದಿರುಗೋಣವೆಂಬ ಯೋಚನೆ ಅವರಿಗೆ ಬಂದಿತ್ತು. ಹೊಸ ಮಾತ್ರೆಗೆ ಬೆಲೆಯೂ ಹೆಚ್ಚು. ಆದರೆ ಈ ಸಲ ತಾವೇ ತೀರ್ಮಾನಿಸದೆ ಫೋನ್ ಮಾಡಿದರು. ತಜ್ಞರು ಮಾತ್ರೆಯ ಪ್ರಮಾಣ ಹೆಚ್ಚಿಸಿ, ರಾತ್ರಿ ಮಲಗುವಾಗ ಗುದದ್ವಾರದ ಮೂಲಕ ತೆಗೆದುಕೊಳ್ಳುವ ಮೆಸಾಲಮೀನ್ ಅನ್ನೂ ಸೇರಿಸಿದಾಗ ಹತ್ತು ದಿನಗಳಲ್ಲಿ ಹಿಡಿತಕ್ಕೆ ಬಂತು.

ಇದೇ ಹೊತ್ತಿಗೆ ಇನ್ನೊಂದು ವಿಷಯ ಮಾತನಾಡಿದೆವು. ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳಲ್ಲೇ ಗರ್ಭ ನಿಲ್ಲುವ ಸಾಧ್ಯತೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವ ಗಂಡ ಈ ಆರು ದಿನಗಳನ್ನು ತಿಂಗಳಾನುಗಟ್ಟಲೆ ತಪ್ಪಿಸಿಕೊಂಡಿರಲು ಸಾಕು. ಮಾಲಕರೊಂದಿಗೆ ಮಾತನಾಡಿ ಅವರು ರಜೆಯನ್ನು ಈ ದಿನಗಳಿಗೆ ಹೊಂದಿಸಿಕೊಂಡರು.

ಫಲಿತಾಂಶ ಮತ್ತು ಅದನ್ನು ಓದುವ ಬಗೆ

ಮೂರೂವರೆ ತಿಂಗಳ ನಂತರ ಸಂಖ್ಯೆ ಮಿಲಿಲೀಟರಿಗೆ 19 ಮಿಲಿಯನ್, ಮುಂದಕ್ಕೆ ಈಜುವವು ಶೇ. 34. ಮತ್ತೆರಡು ತಿಂಗಳ ಬಳಿಕ 27 ಮಿಲಿಯನ್. ಕೃತಕ ಗರ್ಭಧಾರಣೆಗಾಗಿ ಚಿನ್ನ ಅಡವಿಡುವ ಯೋಚನೆಯನ್ನು ದಂಪತಿ ಕೈಬಿಟ್ಟರು. ಔಷಧ ಬದಲಾದ ಎಂಟನೆಯ ತಿಂಗಳು ಮುಟ್ಟು ನಿಂತಿತು. ಯಾವ ಚಿಕಿತ್ಸೆಯೂ ಇಲ್ಲದೆ ನಿಂತ ಗರ್ಭ ಒಂಬತ್ತು ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು.

ಗರ್ಭ ನಿಂತದ್ದರಲ್ಲಿ ರಜೆಯ ಹೊಂದಾಣಿಕೆಯ ಪಾಲೆಷ್ಟು, ಸಂಖ್ಯೆ ಏರಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ಸಂಖ್ಯೆ ಏರಿದ್ದಕ್ಕೆ ಕಾರಣ ಯಾವುದು ಎಂಬ ಬಗ್ಗೆ ನನಗೆ ಹೆಚ್ಚು ಸಂಶಯವಿಲ್ಲ. ಬೀಡಿ ಬಿಟ್ಟಾಗ, ಜೀವಸತ್ವದ ಮಾತ್ರೆ ನುಂಗಿದಾಗ, ಉಡುಪು ಬದಲಿಸಿದಾಗ ಸಂಖ್ಯೆ ಜ್ವರದ ಚೇತರಿಕೆಯ ಮಟ್ಟವನ್ನು ದಾಟಲಿಲ್ಲ. ಸ್ಕ್ಯಾನಿನಲ್ಲಿ ಕಂಡ ಉಬ್ಬು ಇದ್ದಲ್ಲೇ ಇದೆ. ಅವರು ಅದೇ ಕಾವಲಿಯ ಮುಂದೆ, ಅದೇ ಹೊತ್ತು ನಿಂತು ದುಡಿಯುತ್ತಿದ್ದರು. ಏರಿಕೆ ಕಂಡ ಎರಡೂ ಪರೀಕ್ಷೆಗಳು ಮಾರ್ಚ್‌ ನಂತರದ ಕಡು ಸೆಕೆಯ ದಿನಗಳ ಬೆನ್ನಿಗೇ ನಡೆದವು. ಬದಲಾದದ್ದು ಮಾತ್ರೆ ಒಂದೇ.

ಈ ಪ್ರಕರಣದ ನಂತರ ನಮ್ಮ ವಿಭಾಗದಲ್ಲಿ ಮೊದಲ ಭೇಟಿಯ ಕ್ರಮವನ್ನು ಬರೆದಿಟ್ಟಿದ್ದೇವೆ. ಗಂಡಸನ್ನು ಸ್ವಲ್ಪ ಹೊತ್ತಾದರೂ ಒಬ್ಬರನ್ನೇ ಮಾತನಾಡಿಸಬೇಕು. ಕಾಯಿಲೆ ಉಂಟೇ ಎಂದು ಕೇಳುವುದರ ಬದಲು, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಗ್ಯಾಸಿನದಿರಲಿ, ಕೂದಲಿನದಿರಲಿ, ಪಂಡಿತರು ಕೊಟ್ಟದ್ದಿರಲಿ, ಚೀಲದಲ್ಲಿ ಹಾಕಿ ತರಲು ಹೇಳಬೇಕು. ಕಾಯಿಲೆ ಹಿಡಿತದಲ್ಲಿರುವವರು ತಮಗೆ ಕಾಯಿಲೆಯೇ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಸಲ್ಫಾಸಲಜೀನ್ ಅನ್ನು ಕೀಲುವಾತಕ್ಕೂ ಕೊಡುವುದರಿಂದ, ಮದುವೆಯ ಪ್ರಾಯದ ಗಂಡಸರಿಗೆ ಅದನ್ನು ಬರೆಯುವ ಮೂಳೆ ಮತ್ತು ಕೀಲು ವೈದ್ಯರೂ ಈ ಪರಿಣಾಮವನ್ನು ಮೊದಲೇ ತಿಳಿಸಿದರೆ ಎಷ್ಟೋ ಮನೆಗಳ ವರ್ಷಗಳು ಉಳಿಯುತ್ತವೆ. ಕ್ಯಾನ್ಸರ್ ಔಷಧಗಳ ಮಾತು ಬೇರೆ. ಅವು ಮಾಡುವ ಹಾನಿ ಕೆಲವೊಮ್ಮೆ ಹಿಂದಿರುಗದು, ಆದ್ದರಿಂದ ಅಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯವನ್ನು ಶೀತಲೀಕರಿಸಿ ಇಡುವ ಬಗ್ಗೆ ಮಾತನಾಡಬೇಕು.

ದಂಪತಿಗೆ ಎರಡನೆಯ ಮಗುವಿನ ಆಸೆಯಿದೆ. ಮೆಸಾಲಮೀನ್ ಮುಂದುವರಿದಿದೆ, ಆರು ತಿಂಗಳಿಗೊಮ್ಮೆ ಕರುಳಿನ ತಜ್ಞರ ಭೇಟಿಯೂ ತಪ್ಪಿಲ್ಲ. ಯಾವ ಊರಿನ ಯಾವ ವೈದ್ಯರಲ್ಲಿಗೆ ಹೋದರೂ ತೋರಿಸಲೆಂದು, ಸಲ್ಫಾಸಲಜೀನ್ ಕೊಡಬಾರದೆಂದೂ ಅದಕ್ಕೆ ಕಾರಣವನ್ನೂ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಬರೆದ ಒಂದು ಪತ್ರವನ್ನು ಅವರ ಫೈಲಿನ ಮೊದಲ ಪುಟದಲ್ಲೇ ಸೇರಿಸಿ ಕೊಟ್ಟಿದ್ದೇವೆ. ಆ ಫೈಲನ್ನು ಈಗ ಹೆಂಡತಿಯೇ ಇಟ್ಟುಕೊಂಡಿದ್ದಾರೆ.